ಹಿರಿಯಣ್ಣನವರು ತಾಲ್ಲೂಕಿಗೆ ಬರುವುದು ಯಾವಾಗ?



ಸೆಪ್ಟೆಂಬರ್ 5 ಬಂತೆಂದರೆ ಹುಣಸೂರಿನಿಂದ ಎಚ್.ಡಿ.ಕೋಟೆವರೆಗೆ ಶಾಲೆ ಶಾಲೆಯಲ್ಲೂ ರಾಧಾಕೃಷ್ಣನ್ ಪಟಕ್ಕೆ ಹಾರ ಬೀಳುತ್ತದೆ. ಬೀಳಲಿ, ಸಂತೋಷ. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು ಅವರು. ಆದರೆ ಅದೇ ಕಾಲದಲ್ಲಿ ಅದೇ ಕಾಲೇಜಿನಲ್ಲಿದ್ದ ನಮ್ಮ ಮೈಸೂರಿನ ಎಂ. ಹಿರಿಯಣ್ಣ ಯಾರೆಂದು ಕೇಳಿನೋಡಿ. "ಯಾವ ಹಿರಿಯಣ್ಣ? ಪೇಟೆ ಬೀದಿಯವರೇ?" ಎನ್ನುತ್ತಾರೆ!

ಹೇಳುತ್ತೇನೆ ಕೇಳಿ. 1871ರಲ್ಲಿ ಹುಟ್ಟಿ 1950ರಲ್ಲಿ ತೀರಿಕೊಂಡ ಈ ಮೇಷ್ಟ್ರು ಮೊದಲು ಓರಿಯೆಂಟಲ್ ಲೈಬ್ರರಿಯಲ್ಲಿ ಪುಸ್ತಕ ಕಾದವರು, ಆಮೇಲೆ ಸಂಸ್ಕೃತ ಪ್ರಾಧ್ಯಾಪಕರು. 1927ರಲ್ಲಿ ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಿಲ್ಲ. ವರ್ಷಗಟ್ಟಲೆ ಹೇಳಿದ ಪಾಠಗಳನ್ನೇ ಆಧಾರವಾಗಿಟ್ಟುಕೊಂಡು ಬರೆದ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' 1932ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ವೇದ, ಉಪನಿಷತ್ತು, ಬೌದ್ಧ, ಜೈನ, ದೇವರೇ ಇಲ್ಲವೆಂದ ಚಾರ್ವಾಕ, ಎಲ್ಲರಿಗೂ ಅಲ್ಲಿ ಜಾಗವುಂಟು. ಯಾರನ್ನೂ ಬೈಯಲಿಲ್ಲ, ಯಾರನ್ನೂ ಹೊತ್ತು ಮೆರೆಸಲಿಲ್ಲ. ತತ್ತ್ವವೆಂದರೆ ಬರೀ ಯೋಚನೆಯಲ್ಲ, ಬದುಕುವ ದಾರಿ ಎಂಬುದು ಅವರ ಪಟ್ಟು.

ಆ ಪುಸ್ತಕ ಮುಗಿಯುವುದು ರಾಮಾನುಜರ ವಿಶಿಷ್ಟಾದ್ವೈತದಲ್ಲಿ. ಕೆ.ಆರ್.ನಗರದ ಪಕ್ಕದ ಸಾಲಿಗ್ರಾಮದಲ್ಲಿ ರಾಮಾನುಜರು ತಂಗಿದ್ದರೆಂದು ನಮ್ಮ ಜನ ಇಂದಿಗೂ ಕೈ ಮುಗಿಯುತ್ತಾರೆ. ಅವರು ಹೇಳಿದ್ದೇನು ಎಂದು ಹಿರಿಯಣ್ಣನವರಿಂದ ತಿಳಿಯಲು ಸಾಲಿಗ್ರಾಮದ ಹುಡುಗ ಇಂಗ್ಲಿಷಿನ ಬಾಗಿಲು ತಟ್ಟಬೇಕೆ? ಹಿರಿಯಣ್ಣನವರು ಕನ್ನಡಕ್ಕೆ ಬಂದೇ ಇಲ್ಲ ಎನ್ನುತ್ತಿಲ್ಲ. ಬಂದದ್ದು ಮಾನಸಗಂಗೋತ್ರಿಯ ಗೇಟು ದಾಟಿ ಪಿರಿಯಾಪಟ್ಟಣದ ಬಸ್ಸು ಹತ್ತಲಿಲ್ಲ ಎನ್ನುತ್ತಿದ್ದೇನೆ.

ತತ್ತ್ವಶಾಸ್ತ್ರದ ಭಾರ ಕನ್ನಡ ಹೊರಲಾರದು ಎನ್ನುವ ಪಂಡಿತರಿದ್ದಾರೆ. ನಿಜಗುಣ ಶಿವಯೋಗಿಗಳ 'ವಿವೇಕಚಿಂತಾಮಣಿ' ಯಾವ ಭಾಷೆಯಲ್ಲಿದೆ ಸ್ವಾಮಿ? ಶತಮಾನಗಳ ಹಿಂದೆಯೇ ಹೊತ್ತ ಕನ್ನಡಕ್ಕೆ ಈಗ ಸೊಂಟ ನೋವೇ?

ಖರ್ಚಿನ ನೆಪವನ್ನಂತೂ ನನ್ನೆದುರು ಹೇಳಬೇಡಿ. ಪಿಯುಸಿ ಓದಿ ಪ್ರೆಸ್ ಇಟ್ಟವನು ನಾನು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ನನ್ನ ಅನ್ನ. ಆ ಇಂಗ್ಲಿಷ್ ಪುಸ್ತಕ ನಾನೂರು ಚಿಲ್ಲರೆ ಪುಟ. 16 ಪುಟಕ್ಕೊಂದು ಫಾರಂ ಹಿಡಿದರೆ 26-27 ಫಾರಂ, ಅಷ್ಟೆ. ರಾಜ್ಯೋತ್ಸವದ ಶಾಮಿಯಾನ, ಫ್ಲೆಕ್ಸುಗಳಿಗೆ ಸುರಿಯುವುದರಲ್ಲಿ ಒಂದು ಪಾಲು ತೆಗೆದಿಟ್ಟರೆ ಕಾಗದ, ಬೈಂಡಿಂಗ್ ಎಲ್ಲ ಆದೀತು. ಅವರು ಹೋದ ಮೇಲೆ ಬಿಡಿ ಲೇಖನಗಳನ್ನು ಒಟ್ಟುಗೂಡಿಸಿ ಒಂದರ ಹಿಂದೊಂದು ಪುಸ್ತಕ ತಂದದ್ದು ಸರ್ಕಾರವಲ್ಲ, ಮೈಸೂರಿನ ಕಾವ್ಯಾಲಯ ಪ್ರಕಾಶನ. ಅವೂ ಇಂಗ್ಲಿಷಿನವೇ ಅನ್ನಿ, ಆದರೂ ಆ ಛಲ ನೋಡಿ.

ನಾಲ್ಕೂ ತಾಲ್ಲೂಕಿನ ಗೆಳೆಯರೇ, ಈ ವಾರವೇ ನಿಮ್ಮೂರ ಗ್ರಂಥಾಲಯಕ್ಕೆ ಹೋಗಿ ಹಿರಿಯಣ್ಣನವರ ಪುಸ್ತಕ ಕನ್ನಡದಲ್ಲಿ ಕೊಡಿ ಎಂದು ಕೇಳಿ. ಇಲ್ಲ ಎಂದರೆ ಜಗಳ ಬೇಡ, ಲಿಖಿತ ಅರ್ಜಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಅರ್ಜಿ ನಮೂನೆ ಎಷ್ಟು ಬೇಕಾದರೂ ನಾನು ಬಿಟ್ಟಿ ಅಚ್ಚು ಹಾಕಿಕೊಡುತ್ತೇನೆ.