ನಡುರಾತ್ರಿಗೆ ಯಾವ ತಾರೀಖು?

“ಅರ್ಜಿಗಳು ಹತ್ತನೆಯ ತಾರೀಖಿನ ಮಿಡ್‌ನೈಟ್‌ನೊಳಗೆ ತಲುಪತಕ್ಕದ್ದು” ಎಂಬಂಥ ಪ್ರಕಟಣೆಯನ್ನು ವಾಚಕರು ಕಂಡಿರಬಹುದು. ಹತ್ತು ಆರಂಭವಾಗುವ ನಡುರಾತ್ರಿಯೋ, ಮುಗಿಯುವ ನಡುರಾತ್ರಿಯೋ? ಇಂಗ್ಲಿಷಿನ ಈ ಮಾತು ಎರಡಕ್ಕೂ ಸಲ್ಲುತ್ತದೆ; ನಡುವೆ 24 ಗಂಟೆಗಳ ಅಂತರ!

‘12 ಎ.ಎಂ.’ ಎಂದು ಬರೆದರೂ ತೊಡಕು ತಪ್ಪದು. ಎ.ಎಂ., ಪಿ.ಎಂ.ಗಳು ಲ್ಯಾಟಿನ್ ಪದಗಳ ಸಂಕ್ಷೇಪಗಳು. ಮಧ್ಯಾಹ್ನಕ್ಕೆ ಮುಂಚೆ, ಮಧ್ಯಾಹ್ನದ ಅನಂತರ ಎಂದು ಅವುಗಳ ಅರ್ಥ. ಸೂರ್ಯನು ನೆತ್ತಿಗೇರಿದ ಗಳಿಗೆಯಾದರೋ ಮುಂಚೆಯೂ ಅಲ್ಲ, ಅನಂತರವೂ ಅಲ್ಲ. 12 ಎ.ಎಂ. ನಡುರಾತ್ರಿ, 12 ಪಿ.ಎಂ. ಮಧ್ಯಾಹ್ನ ಎಂಬುದು ಕೇವಲ ರೂಢಿ.

ನಮಗಂತೂ ಇನ್ನೊಂದು ತೊಡಕುಂಟು. ಪಂಚಾಂಗದ ವಾರವು ಸೂರ್ಯೋದಯದಿಂದ ಮೊದಲಾಗುತ್ತದೆ. ಇಂಗ್ಲಿಷ್ ತಾರೀಖು ನಡುರಾತ್ರಿಯಲ್ಲಿಯೇ ಬದಲಾಗುತ್ತದೆ. ಹತ್ತನೆಯ ತಾರೀಖು 0-10ಕ್ಕೆ ಹೊರಡುವ ರೈಲಿಗೆ ಟಿಕೆಟು ಪಡೆದವರು ಒಂಬತ್ತರ ರಾತ್ರಿ ಊಟ ಮುಗಿಸಿಯೇ ನಿಲ್ದಾಣ ಸೇರಬೇಕು. ಹತ್ತರ ರಾತ್ರಿ ಹೋದರೆ, ಅವರ ಗಾಡಿ ಹಿಂದಿನ ರಾತ್ರಿಯೇ ಹೊರಟುಹೋಗಿರುತ್ತದೆ. ಟಿಕೆಟಿನ ಹಣವೂ ಅದರೊಡನೆ ಹೋದಂತೆಯೇ.

ಆದುದರಿಂದಲೇ ಜಾಣರು ಗಡುವನ್ನು ‘ರಾತ್ರಿ 11-59’ ಎಂದು ಬರೆಯುತ್ತಾರೆ. ಒಂದು ನಿಮಿಷವನ್ನು ಬಿಟ್ಟುಕೊಟ್ಟು ಒಂದು ದಿನವನ್ನು ಉಳಿಸಿಕೊಳ್ಳುವ ಉಪಾಯವಿದು.