ಸನ್ನದಿಗೆ ಮುನ್ನ

ದಾವಣಗೆರೆಯ ಕೋರ್ಟಿನ ಆವರಣದಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಿಂತವರಿಗೆ, ಹಿರಿಯ ವಕೀಲರ ಹಿಂದೆ ಕಡತ ಹೊತ್ತು ನಡೆಯುವ ತರುಣ ತರುಣಿಯರು ಕಾಣುತ್ತಾರೆ. ಅವರ ಕರಿ ಕೋಟಿನ ಹಿಂದೆ ಒಂದು ಸಂಸಾರದ ಎಷ್ಟು ವರ್ಷಗಳ ದುಡಿಮೆ ಸವೆದಿದೆ ಎಂಬುದು ಮಾತ್ರ ಯಾರಿಗೂ ಕಾಣುವುದಿಲ್ಲ. ಇವರಿಗಿಂತ ಮೊದಲೇ ದಾರಿಯಲ್ಲಿ ನಿಂತುಹೋದವರಂತೂ ಈ ಆವರಣಕ್ಕೆ ಬಂದೇ ಇರುವುದಿಲ್ಲ. ಈ ವಾರ ನಾವು ಬರೆಯಹೊರಟಿರುವುದು ಆ ನಿಂತುಹೋದವರನ್ನು ಕುರಿತು.

ಬಿ.ಎ., ಬಿ.ಕಾಂ. ಮುಗಿಸಿ ಮೂರು ವರ್ಷದ ಕಾನೂನು ತರಗತಿಗೆ ಸೇರುವ ಪದವೀಧರನ ಸ್ಥಿತಿ ಒಂದು ವಿಚಿತ್ರ ಸ್ಥಿತಿ. ಮನೆಯವರ ಲೆಕ್ಕದಲ್ಲಿ ಅವನ ಓದು ಮುಗಿದಿದೆ, ಇನ್ನು ದುಡಿದು ಹಾಕಬೇಕು. ಕಾಲೇಜಿನ ಲೆಕ್ಕದಲ್ಲಿ ಅವನು ಹೊಸಬ. ಹಿಂದೆ ಹಗಲು ಗುಮಾಸ್ತಿಕೆ ಮಾಡಿ ಸಂಜೆ ಕಾನೂನು ಓದಿದವರು ಈ ನಾಡಿನಲ್ಲಿ ಬಹು ಮಂದಿ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ತರಗತಿಗಳನ್ನು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ನಡೆಸಬೇಕೆಂದವು. ವಾರಕ್ಕೆ 30 ಗಂಟೆಯ ಪಾಠ, ನೂರಕ್ಕೆ 70ರ ಹಾಜರಿ, ಮೂರು ವರ್ಷದಲ್ಲಿ ಹನ್ನೆರಡು ವಾರಗಳ ಕೆಲಸದ ಅನುಭವ ಎಂದು ಗೊತ್ತುಮಾಡಿದವು. ಶಿಕ್ಷಣದ ಮಟ್ಟ ಏರಬೇಕೆಂಬ ಉದ್ದೇಶಕ್ಕೆ ನಮ್ಮ ತಕರಾರಿಲ್ಲ. ಆದರೆ ದುಡಿಯುತ್ತ ಓದುವವನ ದಾರಿಯನ್ನು ಮುಚ್ಚಿದ ಮೇಲೆ, ದುಡಿಯದೆ ಓದಲು ಬೇಕಾದ ಅನ್ನ ವಸತಿಯನ್ನು ಒದಗಿಸುವ ಹೊಣೆ ಯಾರದು?

ಈ ಪ್ರಶ್ನೆ ದಾವಣಗೆರೆ ಹರಿಹರಗಳಿಗೆ ಬೇರೆ ಊರುಗಳಿಗಿಂತ ಹೆಚ್ಚು ಸಲ್ಲುತ್ತದೆ. ಹತ್ತಿಯ ಗಿರಣಿಗಳಿಂದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಗಿರಣಿಯ ಸಿಳ್ಳು ನಿಂತುಹೋಯಿತು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿತು. ಕಾರ್ಖಾನೆ ಮುಚ್ಚಿದಾಗ ಬಾಕಿ ಸಂಬಳ, ಗ್ರಾಚ್ಯುಯಿಟಿ, ಭವಿಷ್ಯನಿಧಿ ಎಂದು ಕಾರ್ಮಿಕ ಮೆಟ್ಟಿಲು ಹತ್ತುವುದು ನ್ಯಾಯಾಲಯದ್ದೇ. ಅಲ್ಲಿ ಅವನ ಕಷ್ಟವನ್ನು ಅವನ ಮಾತಿನಲ್ಲೇ ಕೇಳಿ ಬಲ್ಲ ವಕೀಲ ಅವನದೇ ಓಣಿಯಿಂದ ಬರಬೇಕಾದರೆ, ಆ ಓಣಿಯ ಮಕ್ಕಳು ಕಾನೂನು ಓದಿ ಮುಗಿಸುವಂತಾಗಬೇಕು.

ನೆರವು ಇಲ್ಲವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ಸುಳ್ಳಾದೀತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಹಿಂದುಳಿದ ವರ್ಗಗಳ ಇಲಾಖೆಯ ದೇವರಾಜ ಅರಸು ಹಾಸ್ಟೆಲುಗಳಿವೆ. ಅಲ್ಲಿ ಜಾಗ ಸಿಗದವರಿಗೆ ಊಟ ವಸತಿಗೆಂದು ವಿದ್ಯಾಸಿರಿ ಯೋಜನೆ ಬಂತು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಎಂದು ಅದು ಆರಂಭವಾಯಿತು. ಪದವಿ ಮುಗಿಸಿ ವಕೀಲಿಗೆ ಇಳಿಯುವ ಪರಿಶಿಷ್ಟ ಜಾತಿ ಪಂಗಡಗಳ ಮತ್ತು ಹಿಂದುಳಿದ ವರ್ಗಗಳ ತರುಣರಿಗೆ ತರಬೇತಿಯ ಶಿಷ್ಯವೇತನವೂ ಉಂಟು. ಎಲ್ಲವೂ ಕಾಗದದ ಮೇಲೆ ಉಂಟು. ಬಡ ವಿದ್ಯಾರ್ಥಿ ಸೋಲುವುದು ಆ ಕಾಗದ ತಲುಪುವ ದಿನಾಂಕದಲ್ಲಿ.

ವಿದ್ಯಾರ್ಥಿವೇತನದ ಅರ್ಜಿಯನ್ನೇ ನೋಡಿ. ಈಗ ಅದು ರಾಜ್ಯ ವಿದ್ಯಾರ್ಥಿವೇತನದ ಜಾಲತಾಣದಲ್ಲೇ ಹೋಗಬೇಕು. ಜಾತಿ ಮತ್ತು ಆದಾಯ ಪತ್ರದ ಸಂಖ್ಯೆ ಬೇಕು. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ದಾಖಲೆಗಳಿಗೆ ಕಾಲೇಜಿನ ಅಧಿಕಾರಿಯ ದೃಢೀಕರಣ ಬೇಕು. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದಕ್ಷರ, ಆಧಾರಿನಲ್ಲಿ ಇನ್ನೊಂದಕ್ಷರ ಇದ್ದರೆ ಅರ್ಜಿ ಅಲ್ಲಿಗೇ ನಿಂತಿತು. ತಿದ್ದಿಸಲು ನಾಡಕಚೇರಿಗೆ ಹೋದರೆ ಸರ್ವರ್ ಇಲ್ಲ, ನಾಳೆ ಬನ್ನಿ. ನಾಳೆ ಹೋದರೆ ತರಗತಿಯ ಹಾಜರಿ ಹೋಯಿತು. ಹೀಗೆ ಎರಡು ಮೂರು ನಾಳೆಗಳು ಕಳೆಯುವಷ್ಟರಲ್ಲಿ ಕೊನೆಯ ದಿನ ಮುಗಿದಿರುತ್ತದೆ. ಉಳ್ಳವರ ಮಗನಿಗೆ ಈ ದಿನಾಂಕ ತಪ್ಪಿದರೆ ನಷ್ಟವಿಲ್ಲ. ಕೂಲಿಯವಳ ಮಗಳಿಗೆ ತಪ್ಪಿದರೆ ಒಂದು ವರ್ಷದ ಶುಲ್ಕಕ್ಕೆ ಸಾಲ.

ದೂರದ ಕಷ್ಟ ಬೇರೆ. 2009ರಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಮೇಲೆ ನಮ್ಮ ಆರ್.ಎಲ್. ಕಾನೂನು ಕಾಲೇಜಿನಂಥ ಕಾಲೇಜುಗಳೆಲ್ಲ ಅದರ ಕೆಳಗೆ ಬಂದವು. ಪರೀಕ್ಷೆ, ಫಲಿತಾಂಶ, ಪದವಿ ಪತ್ರಗಳೆಲ್ಲ ಹುಬ್ಬಳ್ಳಿಯಿಂದ. ವಕೀಲನಾಗಿ ಹೆಸರು ನೋಂದಾಯಿಸಲು ರಾಜ್ಯ ವಕೀಲರ ಪರಿಷತ್ತು ಬೆಂಗಳೂರಿನಲ್ಲಿ. ಹರಿಹರದ ಹುಡುಗ ಉತ್ತರಕ್ಕೂ ಓಡಬೇಕು, ದಕ್ಷಿಣಕ್ಕೂ ಓಡಬೇಕು. (ಹರಿ ಹರರಿಬ್ಬರೂ ಒಂದೇ ವಿಗ್ರಹದಲ್ಲಿ ನಿಂತ ಊರು ಅದು; ತುಂಗಭದ್ರೆಯ ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಕಾಲಿಟ್ಟರೆ ಹೈಕೋರ್ಟು ಧಾರವಾಡದ್ದು, ಈಚೆ ದಡದಲ್ಲಿ ಬೆಂಗಳೂರಿನದು!) ವಿಶ್ವವಿದ್ಯಾಲಯದ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಪರೀಕ್ಷೆಯಲ್ಲಿ ಉತ್ತರವನ್ನು ಪೂರ್ತಿ ಕನ್ನಡದಲ್ಲಿ ಬರೆಯಲು ಅಲ್ಲಿ ಅವಕಾಶವಿದೆ. ಆ ಅವಕಾಶವಿಲ್ಲದಿದ್ದರೆ ಜಗಳೂರು, ಹೊನ್ನಾಳಿಗಳ ಎಷ್ಟೋ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಮನೆಗೆ ಮರಳುತ್ತಿದ್ದರು.

ಅದೇ ಮಗು ಮುಂದೆ ಎಲ್‌ಎಲ್.ಎಂ. ಓದಿ ಅಧ್ಯಾಪಕನಾಗಬೇಕೆಂದು, ಕರ್ನಾಟಕದ ಶಾಸನಸಭೆಯೇ ಕಾಯಿದೆ ಮಾಡಿ ಕಟ್ಟಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಕಡೆ ನೋಡಿದರೆ, ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಅರ್ಜಿಗೆ ಸಾಮಾನ್ಯ ವರ್ಗದವರಿಗೆ 4,000, ಪರಿಶಿಷ್ಟರಿಗೆ 3,500 ರೂಪಾಯಿ. ಪರೀಕ್ಷೆ ಡಿಸೆಂಬರಿನಲ್ಲಿ, ಅರ್ಜಿಯ ಬಾಗಿಲು ಅದಕ್ಕೆ ಹಲವು ವಾರ ಮೊದಲೇ ಮುಚ್ಚುತ್ತದೆ. ಕೊನೆಯ ವರ್ಷದವರೂ ಅರ್ಜಿ ಹಾಕಬಹುದೆಂಬುದು ಹಲವರಿಗೆ ತಿಳಿದೇ ಇರುವುದಿಲ್ಲ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಲೋಕಸಭೆಗೆ ಅರ್ಥವಾದ ಭಾಷೆ ಒಂದು ಪ್ರವೇಶ ಪರೀಕ್ಷೆಗೆ ಅರ್ಥವಾಗದೆ?

ಇನ್ನು ಸನ್ನದಿನ ಮಾತು. 1961ರ ವಕೀಲರ ಕಾಯಿದೆಯ 24ನೆಯ ಕಲಮು, 1993ರ ತಿದ್ದುಪಡಿಯಂತೆ, ನೋಂದಣಿಗೆ ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ ಎನ್ನುತ್ತದೆ. ಕಾಯಿದೆ ಹೇಳಿದ್ದು ಇಷ್ಟು. ರಾಜ್ಯಗಳ ಪರಿಷತ್ತುಗಳು ವಸೂಲು ಮಾಡುತ್ತ ಬಂದದ್ದು ಹಲವು ಪಟ್ಟು, ಒಂದು ರಾಜ್ಯದಲ್ಲಿ 40,000ಕ್ಕೂ ಮೇಲೆ. ಕಾನೂನು ಕಾಯಬೇಕಾದವರ ಮನೆಯ ಹೊಸ್ತಿಲಲ್ಲೇ ಕಾನೂನು ಮುರಿಯುತ್ತಿತ್ತು! 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಇದನ್ನು ತಡೆಯಿತು. ಕಾಯಿದೆಯಲ್ಲಿ ಹೇಳಿದ್ದಕ್ಕಿಂತ ಒಂದು ಕಾಸೂ ಹೆಚ್ಚು ಕೇಳಕೂಡದು, ಹಾಗೆ ಕೇಳುವುದು ಬಡವರನ್ನೂ ದಲಿತರನ್ನೂ ವೃತ್ತಿಯಿಂದ ಹೊರಗಿಡುವುದಾಗುತ್ತದೆ ಎಂಬುದು ಆ ತೀರ್ಪಿನ ತಿರುಳು. ಹಿಂದೆ ತೆತ್ತವರಿಗೆ ಮಾತ್ರ ಹಣ ಮರಳಲಿಲ್ಲ. ಆಮೇಲೂ ಐಚ್ಛಿಕ ಶುಲ್ಕವೆಂಬ ಹೊಸ ಹೆಸರಿನ ದೂರು ನಮ್ಮ ರಾಜ್ಯದ ಪರಿಷತ್ತಿನ ಮೇಲೇ ಸುಪ್ರೀಂ ಕೋರ್ಟಿಗೆ ಹೋಯಿತು. ಐಚ್ಛಿಕವೆಂಬುದೂ ಇಲ್ಲ, ಅಂಥ ವಸೂಲಿ ಇದ್ದರೆ ನಿಲ್ಲಿಸಿ ಎಂದು 2025ರ ಆಗಸ್ಟಿನಲ್ಲಿ ಕೋರ್ಟು ಹೇಳಿತು. ಈ ವಿಷಯ ಹೊಸ ಪದವೀಧರರಿಗೆಲ್ಲ ತಿಳಿದಿರಬೇಕು. ಕೇಳಿದಷ್ಟು ಕೊಟ್ಟು ಸುಮ್ಮನೆ ಬರುವವನು ತನ್ನ ಮೊದಲ ಮೊಕದ್ದಮೆಯನ್ನು ತಾನೇ ಸೋತಂತೆ.

ನೋಂದಣಿಯಾದರೂ ಅದು ತಾತ್ಕಾಲಿಕ. 2011ರಿಂದ ನಡೆಯುತ್ತಿರುವ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಎರಡು ವರ್ಷದೊಳಗೆ ಮುಗಿಸಬೇಕು. ಅದಕ್ಕೆ ಇನ್ನೊಂದು 3,500 ರೂಪಾಯಿ, ಪರಿಶಿಷ್ಟರಿಗೆ 2,500. ನೋಂದಣಿಗೆ 750 ಸಾಕೆಂದ ಮೇಲೆ, ಪರೀಕ್ಷೆಗೆ ಅದರ ನಾಲ್ಕೂವರೆ ಪಟ್ಟು ಯಾವ ನ್ಯಾಯ? ಈ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕೊನೆಯ ವರ್ಷದವರಿಗೂ ಅವಕಾಶ ಕೊಡಿ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತು. ಅವಕಾಶ ಬಳಸಿಕೊಂಡರೆ ಹಲವು ತಿಂಗಳು ಉಳಿಯುತ್ತವೆ; ತಿಳಿಯದಿದ್ದರೆ ಅಷ್ಟೂ ತಿಂಗಳು ವ್ಯರ್ಥ.

ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿರೆಂದು ಭಾರತೀಯ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಸಲಹೆ, ಆಜ್ಞೆಯಲ್ಲ. ಸಲಹೆಯಿಂದ ಖಾನಾವಳಿಯ ಬಾಕಿ ತೀರುವುದಿಲ್ಲ. ನಮ್ಮೂರಿನ ಹಿರಿಯ ವಕೀಲರೆಲ್ಲ ಸಿರಿವಂತರಲ್ಲ ಎಂಬುದೂ ನಮಗೆ ಗೊತ್ತು; ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ದುಡಿಸಿಕೊಂಡು ಬಸ್ಸಿನ ಚಾರ್ಜನ್ನೂ ಕೊಡದಿರುವುದನ್ನು ಶಿಷ್ಯತ್ವ ಎಂದು ಕರೆಯಲು ನಾವು ಸಿದ್ಧರಿಲ್ಲ.

ಈಗ ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ದಾವಣಗೆರೆ ಮತ್ತು ಹರಿಹರದ ವಕೀಲರ ಸಂಘಗಳು, ಕಾಲೇಜು, ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಇಲಾಖೆಗಳು ಕೂಡಿ, ಪ್ರತಿ ಶೈಕ್ಷಣಿಕ ವರ್ಷದ ಮೊದಲ ತಿಂಗಳಲ್ಲಿ ಒಂದು ಹಾಳೆ ಅಚ್ಚು ಹಾಕಿಸಲಿ: ಯಾವ ಅರ್ಜಿ, ಯಾವ ದಿನಾಂಕ, ಯಾವ ದಾಖಲೆ, ಎಷ್ಟು ಹಣ, ಯಾರನ್ನು ಕಾಣಬೇಕು. ಅದು ಹಾಸ್ಟೆಲಿನ ಗೋಡೆಯಲ್ಲೂ ಎರಡೂ ಕೋರ್ಟುಗಳ ಬಾಗಿಲಲ್ಲೂ ಕನ್ನಡದಲ್ಲಿ ಅಂಟಿರಲಿ. ಕೊನೆಯ ದಿನಕ್ಕೆ ಮುಂಚಿನ ಎರಡು ವಾರ ಕಾಲೇಜಿನಲ್ಲೇ ಒಬ್ಬ ಸಿಬ್ಬಂದಿ ಸಂಜೆ ಐದರ ನಂತರ ಕೂತು ಅರ್ಜಿ ತುಂಬಿಸಿಕೊಡಲಿ. ಹೆಸರಿನ ಅಕ್ಷರ ತಪ್ಪಿದವರ ಪಟ್ಟಿಯನ್ನು ಕಾಲೇಜೇ ತಹಶೀಲ್ದಾರರಿಗೆ ಕಳಿಸಲಿ. ಸರ್ವರ್ ಕೆಟ್ಟ ದಿನಗಳನ್ನು ಕೊನೆಯ ದಿನಾಂಕಕ್ಕೆ ಕೂಡಿಸುವುದನ್ನು ಇಲಾಖೆ ನಿಯಮವಾಗಿಸಲಿ. ಸಂಘದ ಹಿರಿಯರು ತಮ್ಮ ಕಿರಿಯರಿಗೆ ಈ ವರ್ಷ ತಿಂಗಳಿಗೆ ಎಷ್ಟು ಕೊಡುವರೆಂಬುದನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲೇ ನಿರ್ಣಯ ಮಾಡಿ ಪ್ರಕಟಿಸಲಿ. ಹಾಗೆ ಅಚ್ಚಾದ ಹಾಳೆಯನ್ನು ನಮ್ಮ ಪತ್ರಿಕೆ ಪೂರ್ತಿಯಾಗಿ, ಕಾಸು ಕೇಳದೆ, ಮೊದಲ ಪುಟದಲ್ಲಿ ಪ್ರಕಟಿಸುತ್ತದೆ.