ಎರರ್ ಕಾಯಿನ್ ಅಂತ ಕೂಗೋ ಮುಂಚೆ

ಹೋದ ಬೇಸಿಗೆ ರಜೆಗೆ ಊರಿಗೆ ಹೋದಾಗ, ನಮ್ಮಪ್ಪ ಹಳೇ ನಾಣ್ಯ ಸೇರಿಸಿಟ್ಟಿದ್ದ ಬಿಸ್ಕತ್ ಡಬ್ಬಿಯನ್ನು ಇಲ್ಲಿಗೆ ತಂದೆ. ಅಪ್ಪ ಈಗಿಲ್ಲ. ಡಬ್ಬಿಯನ್ನು ಊಟದ ಮೇಜಿನ ಮೇಲೆ ಸುರಿದ ತಕ್ಷಣ, ನಡುವೆ ದೊಡ್ಡ ತೂತಿದ್ದ ಒಂದು ಕಾಸು ಹಿಡ್ಕೊಂಡು ನನ್ನ ಹತ್ತು ವರ್ಷದ ಮಗ ಕುಣಿದ: "ಅಪ್ಪಾ, ಎರರ್ ಕಾಯಿನ್! ತಾತ ನಮ್ಮನ್ನ ಶ್ರೀಮಂತರು ಮಾಡಿಬಿಟ್ರು!"

ಅದು ಎರರ್ ಅಲ್ಲ. ಮಹಾಯುದ್ಧದ ಕಾಲದಲ್ಲಿ ತಾಮ್ರ ಉಳಿಸೋಕೆ, 1943ರಿಂದ 1947ರವರೆಗೆ ಬ್ರಿಟಿಷ್ ಇಂಡಿಯಾದ ಒಂದು ಪೈಸೆಯನ್ನು ಬೇಕಂತಲೇ ತೂತಿಟ್ಟು ಮಾಡಿದ್ದರು. ರೂಪಾಯಿಗೆ ಇಂಥವು 64. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಅದು ಬಗ್ ಅಲ್ಲ, ಫೀಚರ್.

ಅದೇ ಯುದ್ಧ, ಅದೇ ತಾಮ್ರದ ಕೊರತೆ ಅಮೆರಿಕದಲ್ಲೂ ಇತ್ತು. 1943ರಲ್ಲಿ ಇಲ್ಲಿನ ಒಂದು ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಮಾಡಿದರು. ಆದರೆ ಕೆಲವೇ ಕೆಲವು ನಾಣ್ಯಗಳು ತಪ್ಪಿ ಹಳೇ ಕಂಚಿನ ಬಿಲ್ಲೆಗಳ ಮೇಲೆ ಅಚ್ಚಾದವು. ಇದು ನಿಜವಾದ ಎರರ್. ಒಂದೊಂದು ಲಕ್ಷ ಡಾಲರ್ ದಾಟಿ ಮಾರಾಟವಾಗಿದೆ. ಹಾಗಾಗಿ ನಕಲಿಗಳಿಗೂ ಬರ ಇಲ್ಲ. ಉಕ್ಕಿನ ಸೆಂಟಿಗೆ ತಾಮ್ರ ಲೇಪಿಸಿದ್ದರೆ ಅದು ಅಯಸ್ಕಾಂತಕ್ಕೆ ಅಂಟುತ್ತೆ, ಕಂಚಿನದು ಅಂಟಲ್ಲ. ತೂಕದಲ್ಲೂ ವ್ಯತ್ಯಾಸ: ಕಂಚಿನದು 3.1 ಗ್ರಾಂ, ಉಕ್ಕಿನದು ಸುಮಾರು 2.7. ಆದರೆ 1948ರ ಸೆಂಟಿನಲ್ಲಿ 8ನ್ನು ಕೆತ್ತಿ 3 ಮಾಡಿರೋರೂ ಇದ್ದಾರೆ. ಅದು ಈ ಎರಡೂ ಪರೀಕ್ಷೆ ಪಾಸಾಗುತ್ತೆ! ಆಗ ಭೂತಗನ್ನಡಿ ಬೇಕು, ಕೊನೆಗೆ ಪರಿಣತರೇ ನೋಡಬೇಕು.

ಇಲ್ಲಿಂದ ನನ್ನ ಅಭಿಪ್ರಾಯ. ನಾವು ಮಕ್ಕಳಿಗೆ "ಇದಕ್ಕೆ ಎಷ್ಟು ಬರುತ್ತೆ?" ಅಂತ ಕೇಳೋದನ್ನ ಬೇಗ ಕಲಿಸ್ತೀವಿ, "ಇದು ಹೇಗೆ ಗೊತ್ತು?" ಅಂತ ಕೇಳೋದನ್ನ ಕಲಿಸಲ್ಲ. ಮೊದಲು ಕೇಳಬೇಕಾದ್ದು ಎರಡನೇದು. ತಪ್ಪು ಟಂಕಸಾಲೆಯಲ್ಲೇ ಆಯಿತಾ, ಆಮೇಲೆ ಯಾರಾದರೂ ಕೆಡಿಸಿದ್ದಾ? ಅಂಚು ಕಚ್ಚಿಹೋದಂತಿರೋ ನಾಣ್ಯ ಸಿಕ್ಕರೆ ಅದರ ಎದುರಿನ ಅಂಚನ್ನೂ ನೋಡಿ. ಬಿಲ್ಲೆಯೇ ಮೊದಲಿಂದ ತುಂಡಾಗಿದ್ದರೆ ಎದುರಿನ ಅಂಚು ಸಾಮಾನ್ಯವಾಗಿ ಮಸುಕಾಗಿ ಮೂಡಿರುತ್ತೆ. ಆಮೇಲೆ ಕತ್ತರಿಸಿದ್ದರೆ ಅಲ್ಲಿ ಅಂಚು ಪೂರ್ತಿ ಗಟ್ಟಿಯಾಗೇ ಇರುತ್ತೆ. ಅಕ್ಷರ ಎರಡೆರಡಾಗಿ ಕಂಡ ಮಾತ್ರಕ್ಕೂ ಹಿಗ್ಗಬೇಡಿ. 1955ರ ಪ್ರಸಿದ್ಧ ಸೆಂಟಿನಲ್ಲಿ ಅಚ್ಚೇ ಜೋಡಿಯಾಗಿತ್ತು, ಎರಡೂ ಇಸವಿ ಬರಿಗಣ್ಣಿಗೆ ಉಬ್ಬಾಗಿ ಕಾಣುತ್ತವೆ. ಒತ್ತುವಾಗ ಅಚ್ಚು ಅಲುಗಿದ್ದರೆ ಬರೋದು ಚಪ್ಪಟೆ ನೆರಳು ಅಷ್ಟೇ. ಅದಕ್ಕೆ ಹೆಚ್ಚು ಬೆಲೆಯಿಲ್ಲ.

ಇಷ್ಟೆಲ್ಲಾ ಹೇಳೋ ನಾನೇ ಒಂದು ತಪ್ಪು ಮಾಡಿದೆ. ನಮ್ಮ ಶಾಲೆಯ ಪ್ರದರ್ಶನದಲ್ಲಿ ಹೊಳೀಲಿ ಅಂತ, ಅಪ್ಪನ ತಾಮ್ರದ ನಾಣ್ಯಗಳನ್ನು ಹುಣಸೆಹಣ್ಣು ಹಾಕಿ ದೇವರ ಪಾತ್ರೆ ತರಹ ತಿಕ್ಕಿದೆ. ಆಮೇಲೆ ನಾಣ್ಯದ ವ್ಯಾಪಾರಿಯೊಬ್ಬರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ: "ಯಾರು ತೊಳೆದಿದ್ದು?" ಎಂಬತ್ತು ವರ್ಷದಲ್ಲಿ ಕೂಡಿದ್ದ ಆ ಕಂದು ಬಣ್ಣ ಐದು ನಿಮಿಷದಲ್ಲಿ ಹೋಗಿತ್ತು. ಬೆಲೆ ಇಳಿದದ್ದಕ್ಕಿಂತ, ಅಪ್ಪ ಮುಟ್ಟಿಟ್ಟ ಹಾಗೇ ಅವು ಇನ್ನಿಲ್ಲ ಅನ್ನೋದು ನನ್ನನ್ನು ಕಾಡಿತು.

ಅದಕ್ಕೇ ಶಾಲೆಗೆ ಒಂದು ಸಲಹೆ. ಮುಂದಿನ ಪ್ರದರ್ಶನದಲ್ಲಿ ಪ್ರತಿ ವಸ್ತುವಿನ ಪಕ್ಕ ಮಕ್ಕಳೇ ಕನ್ನಡದಲ್ಲಿ ಮೂರು ಸಾಲು ಬರೀಲಿ: ಇದು ಏನು, ಯಾರದ್ದು, ನನಗೆ ಹೇಗೆ ಗೊತ್ತಾಯಿತು. ಬೆಲೆ ಬರೆಯೋದು ಬೇಡ. ನನ್ನ ಮಗ ಆಗಲೇ ತನ್ನ ಚೀಟಿ ಬರೆದಿಟ್ಟಿದ್ದಾನೆ: "ಇದು ತೂತು ಕಾಸು. ನಮ್ಮ ತಾತನದ್ದು. ಎರರ್ ಅಲ್ಲ, ನಾನೇ ಓದಿ ತಿಳಿದುಕೊಂಡೆ."